ಮೂಸೆಯಲ್ಲಿ ಒಂದು ಮಂಡಲ: ರಸವಿದ್ಯೆ ಮತ್ತೆ ಟ್ಯಾರೋ ಇಟ್ಕೊಂಡು ಒಳಗಿನ ಕೆಲಸ ಮಾಡೋದು ಹೆಂಗೆ

ನಮ್ಮಪ್ಪ ಕೋಲಾರ ಪೇಟೇಲಿ ಅಕ್ಕಸಾಲಿ ಕೆಲಸ ಮಾಡ್ತಿದ್ರು. ಬಾಡಿಗೆ ಅಂಗಡಿ, ಒಂದು ಕುಲುಮೆ ಒಂದು ಊದುಕೊಳವೆ ಒಂದು ಮರದ ಪೆಟ್ಟಿಗೆ ಹಿಡಿಯೋ ಅಷ್ಟು ಜಾಗ, ಮೂರನೇ ಗಿರಾಕಿ ಒಳಗೆ ಬಂದ್ರೆ ಎರಡನೇ ಅವ್ರು ಎದ್ದು ಹೊರಗೆ ನಿಲ್ಬೇಕು. ಯಾರಾದ್ರೂ ಹಳೇ ಬಳೆ, ಮುರಿದ ಓಲೆ ತಂದು ಇದನ್ನ ಅಪರಂಜಿ ಮಾಡ್ಕೊಡಿ ಆಚಾರ್ರೇ ಅಂದ್ರೆ ಅಪ್ಪ ಮಾಡ್ತಿದ್ದ ಮೊದಲ್ನೇ ಕೆಲಸ ನಂಗೆ ಚಿಕ್ಕವಳಿದ್ದಾಗ ಅರ್ಥನೇ ಆಗ್ತಿರ್ಲಿಲ್ಲ. ಶುದ್ಧ ಮಾಡಿ ಅಂದ ಚಿನ್ನಕ್ಕೆ ಇನ್ನೂ ಬೆಳ್ಳಿ ಬೆರೆಸೋರು! ಒಂದು ಪಾಲು ಚಿನ್ನಕ್ಕೆ ಹತ್ರಹತ್ರ ಮೂರು ಪಾಲು ಬೆಳ್ಳಿ. ಕಾರಣ ಏನಪ್ಪಾ ಅಂದ್ರೆ ಚಿನ್ನದ ಪಾಲು ಜಾಸ್ತಿ ಇದ್ರೆ ನೈಟ್ರಿಕ್ ಆಸಿಡ್ ಒಳಗೆ ಇಳಿಯೋದೇ ಇಲ್ಲ, ಬೆಳ್ಳಿ ಸಾಕಷ್ಟು ಬೆರೆತ್ರೆ ಆಸಿಡ್ ಬೆಳ್ಳಿನೂ ತಾಮ್ರನೂ ಕರಗಿಸ್ಕೊಂಡು ಹೋಗುತ್ತೆ, ಚಿನ್ನ ಮಾತ್ರ ತಳದಲ್ಲಿ ಕೂರುತ್ತೆ. ಆ ಕೂತ ಚಿನ್ನ ಹೊಳೆಯಲ್ಲ ಕಣ್ರೀ. ಫಿಲ್ಟರಲ್ಲಿ ಉಳಿದ ಕಾಫಿ ಗಷ್ಟು ಹೆಂಗಿರುತ್ತೋ ಹಂಗೆ, ಕಂದು ಪುಡಿ. "ಏನಪ್ಪಾ ಇದು ಮಣ್ಣಾಗೋಯ್ತಲ್ಲ" ಅಂದ್ರೆ "ಈಗ್ಲೇ ಕಣಮ್ಮ ಅದು ಅಪರಂಜಿ, ಬೆಳಿಗಾರ ಹಾಕಿ ಇನ್ನೊಂದ್ಸಲ ಕರಗಿಸಿದ್ರೆ ಬಣ್ಣ ಬರುತ್ತೆ, ನಿದಾನ" ಅನ್ನೋರು.

ಸ್ಪಿರಿಚುಯಲ್ ಆಲ್ಕೆಮಿ, ಅಂದ್ರೆ ಲೋಹ ಶುದ್ಧ ಮಾಡೋ ಕ್ರಮದಲ್ಲೇ ಮನಸ್ಸನ್ನೂ ಶುದ್ಧ ಮಾಡ್ಕೊಳ್ಳೋದು, ಅದ್ರ ಬಗ್ಗೆ ನಾನು ಹೇಳೋದೆಲ್ಲ ಆ ಕಂದು ಪುಡಿ ಬಗ್ಗೇನೆ. ಯೂಟ್ಯೂಬಲ್ಲಿ ಇದನ್ನ ಹೇಳೋರು ಡೈರೆಕ್ಟಾಗಿ ಹೊಳೆಯೋ ಗಟ್ಟಿ ತೋರಿಸ್ತಾರೆ, ಮಧ್ಯ ಬೆಳ್ಳಿ ಬೆರೆಸಿ ಇನ್ನೂ ಕೆಡಿಸ್ಬೇಕು ಅನ್ನೋದನ್ನ, ಶುದ್ಧ ಆದಾಗ ಅದು ಚೆನ್ನಾಗಿ ಕಾಣೋದೇ ಇಲ್ಲ ಅನ್ನೋದನ್ನ ಹೇಳಲ್ಲ. ಹಂಗಾಗಿ ಜನ ಹತ್ತನೇ ದಿನಕ್ಕೆ ಮನಸ್ಸು ಹಾಳಾಯ್ತು ಅಂತ ಬಿಟ್ಟು ಎದ್ದೋಗ್ತಾರೆ.

ಮೊದ್ಲು ಸ್ವಲ್ಪ ಹಿನ್ನೆಲೆ

ಸೀಸನ ಚಿನ್ನ ಮಾಡೋ ಹುಚ್ಚು ಎಲ್ಲಾ ಕಡೆ ಇತ್ತು. ಅರಬ್ಬರು ಅಲ್-ಕೀಮಿಯಾ ಅಂದ್ರು, ಅದೇ ಯುರೋಪಿಗೆ ಹೋಗಿ ಆಲ್ಕೆಮಿ ಆಯ್ತು, ನ್ಯೂಟನ್ ಅಂಥವ್ರೂ ಅದ್ರಲ್ಲಿ ವರ್ಷಗಟ್ಲೆ ಮುಳುಗಿದ್ರು. ನಮ್ಮಲ್ಲಿ ಅದು ರಸವಿದ್ಯೆ. ಪಾದರಸ ಶಿವನದು, ಗಂಧಕ ಪಾರ್ವತಿದು ಅಂತ ಲೆಕ್ಕ, ಪಾದರಸಕ್ಕೆ ಸ್ವೇದನ, ಮರ್ದನ, ಮೂರ್ಛನ ಅಂತ ಶುರುವಾಗಿ ಹದಿನೆಂಟು ಸಂಸ್ಕಾರ. ರಸಾರ್ಣವ ಅನ್ನೋ ಹಳೇ ರಸವಿದ್ಯೆ ಗ್ರಂಥದಲ್ಲಿ ಒಂದು ಮಾತಿದೆ, ಲೋಹಕ್ಕೆ ಹೆಂಗೋ ದೇಹಕ್ಕೂ ಹಂಗೇ ಅಂತ. ಅಂದ್ರೆ ಲೋಹದ ಮೇಲೆ ನಡಿಯೋ ಕೆಲಸನೇ ಮನುಷ್ಯನ ಮೇಲೂ ನಡಿಬೇಕು ಅನ್ನೋದು ನಮ್ಮೋರಿಗೆ ಹೊಸ ವಿಷಯ ಏನಲ್ಲ. ತುಮಕೂರು ಕಡೆಯೋರಿಗೆ ಕೊರಟಗೆರೆ ಹತ್ರ ಸಿದ್ಧರಬೆಟ್ಟ ಗೊತ್ತಲ್ಲ, ಸಿದ್ಧರು ಮೂಲಿಕೆ ಅಂದ್ರೆ ಅಲ್ಲಿ ಇವತ್ತಿಗೂ ಕಥೆ ಹೇಳ್ತಾರೆ. ಯುರೋಪಲ್ಲಿ ಇದನ್ನ ಮನಶ್ಶಾಸ್ತ್ರದ ಭಾಷೆಗೆ ತಂದಿದ್ದು ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್, 1944ರಲ್ಲಿ ಇದ್ರ ಮೇಲೆ ದೊಡ್ಡ ಪುಸ್ತಕನೇ ಬರೆದ್ರು. ರಸವಾದಿಗಳು ಮೂಸೆಯೊಳಗೆ ನೋಡಿದ್ದು ಎಷ್ಟೋ ಸಲ ತಮ್ಮ ಮನಸ್ಸನ್ನೇ ಅನ್ನೋದು ಅವ್ರ ವಾದ.

ಟ್ಯಾರೋ ಕಥೆ ಬೇರೆ. ಅದು 15ನೇ ಶತಮಾನದಲ್ಲಿ ಉತ್ತರ ಇಟಲಿಯಲ್ಲಿ ಶುರುವಾದ ಇಸ್ಪೀಟ್ ಆಟ, ಅಷ್ಟೇ. ಈಜಿಪ್ಟಿನ ರಹಸ್ಯ ಗಿಹಸ್ಯ ಅನ್ನೋದೆಲ್ಲ 1781ರಲ್ಲಿ ಕೂರ್ ದ ಜೆಬೆಲಿನ್ ಅನ್ನೋ ಫ್ರೆಂಚ್ ಪಂಡಿತ ಹಬ್ಬಿಸಿದ ಊಹೆ. ಒಟ್ಟು 78 ಕಾರ್ಡು, ಡೆತ್, ಸ್ಟ್ರೆಂತ್ ಥರ ಒಂದೊಂದಕ್ಕೂ ಹೆಸರಿರೋ 22 ಮೇಜರ್ ಅರ್ಕಾನಾ, ಇಸ್ಪೀಟ್ ಥರ ಬಟ್ಲು, ಕತ್ತಿ, ನಾಣ್ಯ, ಕೋಲು ಅಂತ ನಾಲ್ಕು ಗುಂಪಿರೋ 56 ಮೈನರ್. ಇವತ್ತು ಎಲ್ಲರ ಕೈಲಿರೋ ಚಿತ್ರಗಳು 1909ರಲ್ಲಿ ಲಂಡನ್ನಿನ ರೈಡರ್ ಕಂಪನಿ ಹೊರತಂದಿದ್ದು, ಐಡಿಯಾ ಆರ್ಥರ್ ವೇಟ್ ಅವರದು, ಚಿತ್ರ ಬರೆದಿದ್ದು ಪಮೇಲಾ ಕೋಲ್ಮನ್ ಸ್ಮಿತ್ ಅನ್ನೋ ಹೆಣ್ಮಗಳು, ಬಹಳ ವರ್ಷ ಆ ಹೆಣ್ಮಗಳ ಹೆಸರನ್ನ ಯಾರೂ ಎತ್ತಲೇ ಇಲ್ಲ, ಅದು ನಂಗೆ ಈಗ್ಲೂ ಬೇಜಾರು. ಆಲ್ಕೆಮಿಗೂ ಟ್ಯಾರೋಗೂ ಹುಟ್ಟಿಂದ ಸಂಬಂಧ ಇಲ್ಲ, ಆಮೇಲೆ ಬಂದೋರು ಗಂಟು ಹಾಕಿದ್ದು. ಆದ್ರೆ ಗಂಟು ಚೆನ್ನಾಗಿ ಕೂತಿದೆ. ಆಲ್ಕೆಮಿ ಕೆಲಸದ ಕ್ರಮ ಹೇಳುತ್ತೆ, ಕಾರ್ಡು ಆ ಕೆಲಸ ಮಾಡುವಾಗ ನೋಡೋಕೆ ಒಂದು ಚಿತ್ರ ಕೊಡುತ್ತೆ.

ಇನ್ನೊಂದು ಮಾತು ಈಗ್ಲೇ ಹೇಳ್ಬಿಡ್ತೀನಿ. ಬಸ್‌ಸ್ಟ್ಯಾಂಡ್ ಹತ್ರ ಗಿಣಿಶಾಸ್ತ್ರದೋರು ಕೂತಿರ್ತಾರಲ್ಲ, ಗಿಣಿ ಪಂಜರದಿಂದ ಬಂದು ಕಾರ್ಡ್ ಎಳೆಯುತ್ತೆ, ಮದ್ವೆ ಯಾವಾಗ ಕೆಲಸ ಯಾವಾಗ ಅಂತ ಹೇಳ್ತಾರೆ. ಅದೇ ಬೇಕು ಅಂದ್ರೆ ಅಲ್ಲಿಗೆ ಹೋಗಿ, ಕಡಿಮೆ ದುಡ್ಡಲ್ಲಿ ಆಗುತ್ತೆ, ಗಿಣಿನೂ ನೋಡ್ಬೋದು. ಈ ಮಂಡಲದಲ್ಲಿ ಮುಂದೆ ಏನಾಗುತ್ತೆ ಅಂತ ಕಾರ್ಡನ್ನ ಒಂದ್ಸಲನೂ ಕೇಳ್ಬಾರ್ದು.

ತಯಾರಿ

ಒಂದು ಮಂಡಲ ಅಂದ್ರೆ 48 ದಿನ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಇನ್ನೂರು ಪೇಜಿನ ರೂಲ್ಡ್ ನೋಟ್‌ಬುಕ್, ಒಂದು ನೀಲಿ ಪೆನ್ನು, ಒಂದು ಕೆಂಪು ಪೆನ್ನು, ಒಂದು ಡೆಕ್. ಡೆಕ್ ತಗೊಳ್ಳುವಾಗ ಆ 1909ರ ಚಿತ್ರಗಳಿರೋದೇ ತಗೊಳ್ಳಿ, ಯಾಕಂದ್ರೆ ಅದ್ರಲ್ಲಿ ಮೈನರ್ ಕಾರ್ಡಲ್ಲೂ ಮನುಷ್ಯರು, ಮನೆ, ಹೊಳೆ ಅಂತ ಒಂದೊಂದು ದೃಶ್ಯ ಇದೆ, ಹಳೇ ಫ್ರೆಂಚ್ ಮಾರ್ಸೇ ಥರದ ಡೆಕ್ಕಲ್ಲಿ ಐದು ಬಟ್ಲು ಅಂದ್ರೆ ಐದು ಬಟ್ಲು ಜೋಡಿಸಿರ್ತಾರೆ ಅಷ್ಟೇ, ಅದನ್ನ ನೋಡ್ತಾ ಕೂತ್ರೆ ನಿದ್ದೆ ಬರುತ್ತೆ. ನಂದು 450 ರೂಪಾಯಿಗೆ ಆನ್‌ಲೈನಲ್ಲಿ ತಗೊಂಡಿದ್ದು, ಒಂದು ಮೂಲೆ ಮಡಚಿಕೊಂಡೇ ಬಂತು. ಡೆಕ್ ಯಾರಾದ್ರೂ ಗಿಫ್ಟ್ ಕೊಡ್ಬೇಕು ಅನ್ನೋದು, ರೇಷ್ಮೆ ಬಟ್ಟೇಲಿ ಸುತ್ಬೇಕು ಅನ್ನೋದು ನಿಮಗೆ ಇಷ್ಟ ಆದ್ರೆ ಮಾಡಿ. ಮುಟ್ಟಿನ ದಿನ ಮುಟ್ಬೋದಾ ಅಂತ ಕೇಳೋರಿಗೆ, ಅದು ಪ್ರೆಸ್ಸಲ್ಲಿ ಪ್ರಿಂಟ್ ಆದ ರಟ್ಟು, ಆರಾಮಾಗಿ ಮುಟ್ಟಿ.

ಎಚ್ಚರಿಕೆ ಅಂದ್ರೆ ಎರಡೇ. ರಸವಿದ್ಯೆ ಅಂತ ಹೇಳಿ ಯಾರಾದ್ರೂ ಪಾದರಸದ ಗುಂಡು, ರಸಮಣಿ, ಭಸ್ಮ ಅಂತ ಮಾರೋಕೆ ಬಂದ್ರೆ ದೂರ ಇರಿ, ಪಾದರಸದ ಆವಿ ನರಕ್ಕೂ ಕಿಡ್ನಿಗೂ ವಿಷ, ಇಲ್ಲಿ ಪಾದರಸ ಅಂದಾಗೆಲ್ಲ ಬರೀ ಮಾತಿನ ಪಾದರಸ. ಮತ್ತೆ ಇತ್ತೀಚೆಗೆ ಮನೇಲಿ ಸಾವಾಗಿದ್ರೆ, ವಾರಗಟ್ಲೆ ನಿದ್ದೆ ಊಟ ಇಲ್ದೆ ಇದ್ರೆ, ಬದುಕೋದೇ ಬೇಡ ಅನ್ನೋ ಯೋಚನೆ ಬರ್ತಿದ್ರೆ ಈ ಕೆಲಸಕ್ಕೆ ಕೈ ಹಾಕ್ಬೇಡಿ, ಮೊದ್ಲು ಡಾಕ್ಟರ್ ಹತ್ರ ಹೋಗಿ, ಇಲ್ಲಾಂದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಅದಿರು ಆರಿಸ್ಕೊಳ್ಳೋದು

ಅದಿರು ಅಂದ್ರೆ ಈ 48 ದಿನ ನೀವು ಮೂಸೆಗೆ ಹಾಕೋ ಒಂದೇ ಒಂದು ನೋವು, ಒಂದು ವಾಕ್ಯದಲ್ಲಿ ಬರೆದಿದ್ದು. ಅರ್ಧ ಜನ ಎಡವೋದು ಇಲ್ಲೇ. "ನೆಮ್ಮದಿ ಬೇಕು", "ನಾನು ಬದಲಾಗ್ಬೇಕು" ಅಂತ ಬರೀತಾರೆ. ಅದನ್ನ ಯಾವ ಮೂಸೆಗೂ ಹಾಕೋಕಾಗಲ್ಲ, ಗಾಳಿ ಇದ್ದಂಗೆ. ಅದಿರು ಅಂದ್ರೆ ಕೈಗೆ ಭಾರ ಗೊತ್ತಾಗ್ಬೇಕು. ವಾಕ್ಯದಲ್ಲಿ ಒಬ್ಬ ಮನುಷ್ಯ ಇರ್ಬೇಕು, ನಿಮ್ಮ ಮೈಯಲ್ಲಿ ಏನಾಗುತ್ತೆ ಅನ್ನೋದು ಇರ್ಬೇಕು. ನಂದು ಹಿಂಗಿತ್ತು: "ತಮ್ಮನ ಹೆಸರು ಬಂದ್ರೆ ಎದೆ ಬಿಗಿಯುತ್ತೆ." ಅಪ್ಪ ಹೋದ ಮೇಲೆ ಅವನು ನಂಗೊಂದು ಮಾತು ಕೇಳ್ದೆ ಅಂಗಡಿ ಖಾಲಿ ಮಾಡಿ ಸಾಮಾನೆಲ್ಲ ಗುಜರಿಗೆ ಹಾಕ್ದ, ಇಕ್ಕಳ, ಅಚ್ಚು, ತಕ್ಕಡಿ, ಒರೆಗಲ್ಲು ಎಲ್ಲ. ಮೂರು ವರ್ಷ ಮಾತಿಲ್ಲ. ಇದನ್ನ ಮೊದಲ್ನೇ ಪೇಜಲ್ಲಿ ಬರೆದು ಮೇಲೆ ತಾರೀಕು ಹಾಕಿ. 48 ದಿನ ಇದೊಂದೇ, ಮಧ್ಯ ಆಫೀಸು, ಅತ್ತೆ, ಸಾಲ ಅಂತ ಬದಲಾಯಿಸ್ಬೇಡಿ.

ಕಪ್ಪು: 16 ದಿನ

ಆಲ್ಕೆಮಿಯಲ್ಲಿ ಇದು ನಿಗ್ರೆಡೊ, ಲ್ಯಾಟಿನಲ್ಲಿ ಕಪ್ಪಾಗೋದು ಅಂತ. ಸುಡೋದು, ಕೊಳೆಸೋದು. ಬೆಳ್ಳಿ ಬೆರೆಸೋದೂ ಇಲ್ಲೇ.

ದಿನಾ ಕಲೆಸಿ, ಕಣ್ಣು ಮುಚ್ಚಿ ಒಂದು ಕಾರ್ಡ್ ಎತ್ತಿ ಎದುರಿಗೆ ಇಡಿ. ಮೂರು ನಿಮಿಷ ಬರೀ ನೋಡಿ, ಅರ್ಥದ ಪುಸ್ತಕ ತೆಗಿಬೇಡಿ, ಗೂಗಲ್ ಬೇಡ. ಆಮೇಲೆ ಕಣ್ಣಿಗೆ ಕಂಡಿದ್ದನ್ನ ಪೊಲೀಸ್ ಮಹಜರ್ ಬರೆದಂಗೆ ಬರೀರಿ: ಯಾರಿದಾರೆ, ಕೈ ಎಲ್ಲಿದೆ, ಯಾರು ಯಾರ ಕಡೆ ನೋಡ್ತಿದಾರೆ, ಆಕಾಶ ಯಾವ ಬಣ್ಣ. ಆಮೇಲೆ ಎರಡೇ ಪ್ರಶ್ನೆ. ಇದ್ರಲ್ಲಿ ನಾನ್ಯಾರು? ಇದ್ರಲ್ಲಿ ನಾನು ಯಾವತ್ತೂ ಅಲ್ಲ ಅಂತ ಅನ್ಸೋದು ಯಾವುದು? ಎರಡನೇದಕ್ಕೆ ಕೋಪ ಬಂದ್ರೆ ಸರಿಯಾದ ಜಾಗ ಮುಟ್ಟಿದೀರ ಅಂತ ಅರ್ಥ, ಯೂಂಗ್ ನೆರಳು ಅಂತ ಕರೆದಿದ್ದು, ಅಂದ್ರೆ ಇದು ನಂದಲ್ಲ ಅಂತ ನಾವು ಒಳಗೆ ಅದುಮಿಟ್ಟಿರೋದು, ಹೆಚ್ಚುಕಮ್ಮಿ ಅಲ್ಲೇ ಕೂತಿರುತ್ತೆ.

ನಂಗೆ ಆರನೇ ದಿನ ಫೈವ್ ಆಫ್ ಕಪ್ಸ್ ಬಂತು. ಕಪ್ಪು ಕಂಬಳಿ ಹೊದ್ದು ಒಬ್ಬ ತಲೆ ಬಗ್ಗಿಸಿ ನಿಂತಿದಾನೆ, ಮುಂದೆ ಮೂರು ಬಟ್ಲು ಉರುಳಿ ಚೆಲ್ಲಿದೆ, ಹಿಂದೆ ಎರಡು ಬಟ್ಲು ನೆಟ್ಟಗೆ ನಿಂತಿದೆ, ದೂರದಲ್ಲಿ ಸೇತುವೆ, ಆಚೆ ಒಂದು ಕಟ್ಟಡ. ಎಲ್ಲರೂ ಹೇಳೋದು ಹಿಂದಿರೋ ಆ ಎರಡು ಬಟ್ಲು ನೋಡಿ, ಪಾಸಿಟಿವ್ ಆಗಿರಿ ಅಂತ. ನಾನೂ ಅದೇ ಬರೆದೆ, ಸುಳ್ಳು ಸುಳ್ಳಾಗಿ. ಮಾರನೇ ದಿನ ಬೆಳಿಗ್ಗೆ ಬೆಂಗಳೂರು ಟ್ರೈನಲ್ಲಿ ನಿಂತ್ಕೊಂಡು ಹೋಗುವಾಗ ಇದ್ದಕ್ಕಿದ್ದಂಗೆ ಹೊಳೀತು, ಆ ಚಿತ್ರದಲ್ಲಿ ಬಟ್ಲು ಬೀಳಿಸಿದೋರು ಯಾರೂ ಇಲ್ಲ. ನಾನು ಇಡೀ ಒಂದು ಪೇಜು "ಬೀಳಿಸಿದ್ದು ಅವನು" ಅಂತ ಬರೆದಿದ್ದೆ, ಚಿತ್ರದಲ್ಲಿ ಇಲ್ದೇ ಇರೋ ಮನುಷ್ಯನನ್ನ ನಾನೇ ತಂದು ನಿಲ್ಲಿಸಿದ್ದೆ. ಹಂಗಂತ ತಮ್ಮನ ತಪ್ಪಿಲ್ಲ ಅಂತಲ್ಲ. ಆದ್ರೆ ಆ ಮೂರು ಬಟ್ಲು ಮುಂದೆ ನಾನು ಅತ್ತಿರ್ಲೇ ಇಲ್ಲ, ಬೀಳಿಸಿದೋರನ್ನ ಹುಡ್ಕೋದ್ರಲ್ಲೇ ಇದ್ದೆ.

ಹತ್ತನೇ ದಿನದ ಸುತ್ತ ಮನಸ್ಸು ಕೆಟ್ಟು ಕೆರ ಹಿಡಿಯುತ್ತೆ. ಹಳೇದೆಲ್ಲ ನೆನಪಾಗುತ್ತೆ, ಸುಮ್ಸುಮ್ನೆ ಮಕ್ಕಳ ಮೇಲೆ ರೇಗ್ತೀರ. ಒಂದು ಪಾಲಿಗೆ ಮೂರು ಪಾಲು ಬೆಳ್ಳಿ ಬೆರೆತಿರೋ ಟೈಮು ಅದು. ಆಗ ದಿನಕ್ಕೆ ಇಪ್ಪತ್ತು ನಿಮಿಷದ ಮೇಲೆ ಒಂದು ನಿಮಿಷನೂ ಕೂರ್ಬೇಡಿ, ಅಲಾರಾಂ ಇಡಿ, ಆದ್ಮೇಲೆ ಎದ್ದು ಪಾತ್ರೆ ತೊಳೀರಿ. ಡೆತ್ ಕಾರ್ಡ್ ಬಂತು ಅಂತ ಹೆದರ್ಕೊಂಡು ನಂಗೆ ಮೆಸೇಜ್ ಮಾಡೋರಿದಾರೆ. ಹದಿಮೂರನೇ ಕಾರ್ಡು, ಬಿಳೀ ಕುದುರೆ ಮೇಲೆ ಅಸ್ಥಿಪಂಜರ, ಕೆಳಗೆ ಬಿದ್ದಿರೋ ರಾಜ, ಬೇಡ್ಕೊಳ್ತಿರೋ ಪಾದ್ರಿ. ಮಗು ಒಂದು ಮಾತ್ರ ಕುದುರೆ ಕಡೆ ಆರಾಮಾಗಿ ನೋಡ್ತಿರುತ್ತೆ, ಹಿಂದೆ ಎರಡು ಗೋಪುರದ ಮಧ್ಯ ಸೂರ್ಯ. ಯಾರೂ ಸಾಯಲ್ಲ, ಮಹಜರ್ ಬರೆದು ಮಲ್ಕೊಳ್ಳಿ.

ಬಿಳಿ: 14 ದಿನ

ಅಲ್ಬೆಡೊ, ಅಂದ್ರೆ ಬೆಳ್ಳಗಾಗೋದು, ತೊಳೆಯೋ ಹಂತ. ಚಿನ್ನದಂಗಡಿ ಬೀದಿ ಮುಂದೆ ಬೆಳಕು ಹರಿಯೋ ಮುಂಚೆ ಕಸ ಗುಡಿಸ್ಕೊಂಡು ಹೋಗೋರನ್ನ ನೋಡಿದೀರಾ? ಧೂಳು, ಬೀಡಿ ತುಂಡು, ಕೂದಲು ಎಲ್ಲ ಚೀಲಕ್ಕೆ ತುಂಬ್ಕೊಂಡು ಹೋಗಿ ತಟ್ಟೇಲಿ ನೀರು ಹಾಕಿ ಆಡಿಸ್ತಾ ಆಡಿಸ್ತಾ ಹಗುರದ್ದನ್ನ ಹೊರಗೆ ಬಿಡ್ತಾರೆ, ಭಾರದ್ದು ತಳದಲ್ಲಿ ಉಳಿಯುತ್ತೆ. ಅದೇ ಕೈ ಇಲ್ಲಿ ಬೇಕು.

ಕೆಂಪು ಪೆನ್ನು ತಗೊಂಡು ಆ 16 ದಿನದ ಪೇಜುಗಳನ್ನ ದಿನಕ್ಕೆ ಒಂದೆರಡರಂತೆ ಓದಿ. ನಿಜವಾಗ್ಲೂ ನಡೆದಿದ್ದರ ಕೆಳಗೆ ಗೆರೆ ಎಳೀರಿ, ನೀವು ಹಚ್ಚಿದ ಬಣ್ಣದ ಸುತ್ತ ಗುಂಡಗೆ ಸುತ್ತಿ. "ಸಾಮಾನು ಗುಜರಿಗೆ ಹಾಕ್ದ" ಗೆರೆ. "ನಂಗೆ ಫೋನ್ ಮಾಡ್ಲಿಲ್ಲ" ಗೆರೆ. "ನನ್ನ ಲೆಕ್ಕಕ್ಕೇ ತಗೊಳ್ಲಿಲ್ಲ" ಸುತ್ತು. ನನ್ನ ನೋಟ್‌ಬುಕ್ಕಲ್ಲಿ ಗೆರೆ ಬಿದ್ದಿದ್ದು ಏಳು ಸಾಲು, ಮಿಕ್ಕಿದ್ದೆಲ್ಲ ಸುತ್ತು. ಬೇಜಾರು ಮಾಡ್ಕೋಬೇಡಿ, ಕೆಜಿಎಫ್ ಗಣಿಯಲ್ಲಿ ಕೊನೆಕೊನೆಗೆ ಒಂದು ಟನ್ ಕಲ್ಲಿಗೆ ಮೂರು ಗ್ರಾಂ ಆಸುಪಾಸು ಚಿನ್ನ ಸಿಗ್ತಿತ್ತು, ಖರ್ಚೇ ಗಿಟ್ಟಲ್ಲ ಅಂತ 2001ರ ಫೆಬ್ರವರಿ 28ಕ್ಕೆ ಮುಚ್ಚಿದ್ರು, ಪಕ್ಕದಲ್ಲಿ ಚಿನ್ನ ತೆಗೆದು ಬಿಸಾಕಿದ ಮಣ್ಣಿನ ಸೈನೈಡ್ ದಿಬ್ಬ ಮಾತ್ರ ಗುಡ್ಡದಂಗೆ ನಿಂತಿದೆ. ಬರೆದಿದ್ದೆಲ್ಲ ಚಿನ್ನ ಆಗ್ಬೇಕು ಅಂತ ಆಸೆ ಪಡ್ಬಾರ್ದು.

ಈ ಹಂತದಲ್ಲಿ ದಿನಾ ಕಾರ್ಡ್ ಎತ್ತೋದು ಬೇಡ. ನಾಲ್ಕೈದು ದಿನಕ್ಕೊಂದ್ಸಲ ಮೂರು ಕಾರ್ಡ್ ಸಾಕು, ಎಡದಿಂದ ಉಪ್ಪು, ಗಂಧಕ, ಪಾದರಸ ಅಂತ ಇಡಿ. ಇದು 16ನೇ ಶತಮಾನದ ವೈದ್ಯ ಪ್ಯಾರಾಸೆಲ್ಸಸ್ ಹೇಳಿದ ಮೂರು ಮೂಲ. ಉಪ್ಪು ಅಂದ್ರೆ ನನ್ನಲ್ಲಿ ಗಟ್ಟಿಯಾಗಿ ಕೂತಿರೋದು, ಗಂಧಕ ಅಂದ್ರೆ ಉರೀತಿರೋದು, ಪಾದರಸ ಅಂದ್ರೆ ಇವೆರಡರ ಮಧ್ಯ ಓಡಾಡೋದು, ಕೈಗೆ ಸಿಗ್ದೇ ಇರೋದು. ತಲೆಕೆಳಗಾಗಿ ಬಂದ ಕಾರ್ಡನ್ನ ನಾನು ನೆಟ್ಟಗೆ ತಿರುಗಿಸಿಡ್ತೀನಿ, ಉಲ್ಟಾ ಅರ್ಥ ಎಲ್ಲ ಈ ಕೆಲಸಕ್ಕೆ ಬೇಕಾಗಿಲ್ಲ.

ನಂಗೆ ಒಂದ್ಸಲ ಉಪ್ಪಿಗೆ ಫೋರ್ ಆಫ್ ಪೆಂಟಕಲ್ಸ್ ಬಂತು, ಒಬ್ಬ ನಾಣ್ಯ ಎದೆಗೆ ಅವಚ್ಕೊಂಡು, ಎರಡು ನಾಣ್ಯ ಕಾಲಲ್ಲಿ ಅದುಮ್ಕೊಂಡು, ತಲೆ ಮೇಲೊಂದು ಇಟ್ಕೊಂಡು ಕೂತಿದಾನೆ, ಅಲ್ಲಾಡೋ ಹಂಗೇ ಇಲ್ಲ. ನೋಡಿ ನಗು ಬಂತು, ಮೂರು ವರ್ಷ ನಾನು ಕೂತಿದ್ದು ಹಂಗೇ. ಗಂಧಕಕ್ಕೆ ನೈಟ್ ಆಫ್ ಸ್ವೋರ್ಡ್ಸ್, ಕತ್ತಿ ಎತ್ತಿ ಕುದುರೆ ಓಡಿಸ್ತಿರೋನು, ಅದಕ್ಕೆ ವಿವರಣೆ ಬೇಡ. ಪಾದರಸಕ್ಕೆ ಪೇಜ್ ಆಫ್ ಕಪ್ಸ್. ಒಬ್ಬ ಹುಡುಗ ಬಟ್ಲು ಹಿಡ್ಕೊಂಡಿದಾನೆ, ಬಟ್ಲೊಳಗಿಂದ ಒಂದು ಮೀನು ಇಣುಕಿ ಅವನ ಮುಖ ನೋಡ್ತಿದೆ. ಅರ್ಧ ಗಂಟೆ ಏನೂ ಹೊಳೀಲಿಲ್ಲ. ಆಮೇಲೆ ಕೋಲಾರಮ್ಮನ ಕೆರೇಲಿ ನೀರಿದ್ದ ಒಂದು ವರ್ಷ ತಮ್ಮ ಅಪ್ಪನ ತಾಮ್ರದ ಚೊಂಬಲ್ಲಿ ಮರಿ ಮೀನು ಹಿಡ್ಕೊಂಡು ಬಂದಿದ್ದು, ಅಪ್ಪ ಬೈತಾರೆ ಅಂತ ನಾನು ಅದನ್ನ ಕೊಡಪಾನಕ್ಕೆ ಸುರಿದು ಬಚ್ಚಿಟ್ಟಿದ್ದು ನೆನಪಾಯ್ತು. ಕಾರ್ಡಿಗೆ ಶಕ್ತಿ ಇದ್ದು ಮೀನು ಕಳಿಸ್ತು ಅಂತ ನಾನು ನಂಬಲ್ಲ. ಬೇರೆ ಕಾರ್ಡ್ ಬಂದಿದ್ರೆ ಬೇರೇನೋ ನೆನಪಾಗ್ತಿತ್ತು. ಆದ್ರೆ ಸುಮ್ನೆ ಕೂತಿದ್ರೆ ಆ ಚೊಂಬು ನಂಗೆ ನೆನಪಾಗ್ತಿರ್ಲಿಲ್ಲ, ಚಿತ್ರದ ಉಪಯೋಗ ಇಷ್ಟೇ, ಸಾಕಷ್ಟೇ.

ಕೊನೇ ಎರಡು ದಿನ ಟೆಂಪರೆನ್ಸ್ ಕಾರ್ಡನ್ನ ನೀವೇ ಹುಡುಕಿ ತೆಗೆದು ಎದುರಿಗಿಡಿ. ದೇವತೆ ಒಂದು ಬಟ್ಲಿಂದ ಇನ್ನೊಂದಕ್ಕೆ ನೀರು ಸುರೀತಿರೋದು, ಒಂದು ಕಾಲು ನೀರಲ್ಲಿ ಒಂದು ನೆಲದ ಮೇಲೆ. ಚಹಾ ಅಂಗಡಿಯೋರು ಲೋಟದಿಂದ ಲೋಟಕ್ಕೆ ಎತ್ತಿ ಸುರೀತಾರಲ್ಲ, ಅದೇ. ಗೆರೆ ಎಳೆದ ಸಾಲುಗಳನ್ನ ಮಾತ್ರ ಹೊಸ ಪೇಜಿಗೆ ಕಾಪಿ ಮಾಡಿ. ಓದಿದ್ರೆ ಸಪ್ಪೆ ಅನ್ಸುತ್ತೆ, ಇಷ್ಟೇನಾ ಅನ್ಸುತ್ತೆ. ಅದೇ ಆ ಕಂದು ಪುಡಿ.

ಹಳದಿ: 7 ದಿನ

ಹಳೇ ರಸವಾದಿಗಳು ಸಿಟ್ರಿನಿಟಾಸ್ ಅಂತ ಇದನ್ನ ಬೇರೆ ಹಂತ ಮಾಡಿದ್ರು, ಆಮೇಲಿನೋರು ಕೆಂಪಿನ ಜೊತೆ ಸೇರಿಸಿಬಿಟ್ರು. ನಾನು ಇಟ್ಕೊಂಡಿರೋದು ರೆಸ್ಟ್‌ಗೆ. ಕಾರ್ಡಿಲ್ಲ, ಬರೆಯೋದಿಲ್ಲ. ಬೆಳಿಗ್ಗೆ ಬಿಸಿಲು ಬೀಳೋ ಹೊತ್ತಿಗೆ ಹೊರಗೆ ನಡೀರಿ. ಕೋಲಾರದೋರು ಅಂತರಗಂಗೆ ಮೆಟ್ಲು ಹತ್ತಿ ಬಸವನ ಬಾಯಿಂದ ಬೀಳೋ ನೀರಲ್ಲಿ ಮುಖ ತೊಳ್ಕೊಂಡು ಬನ್ನಿ, ಕೋತಿ ಇದೆ, ಕೈಯಲ್ಲಿ ಕವರ್ ಹಿಡೀಬೇಡಿ. ಚಿಕ್ಕಬಳ್ಳಾಪುರದೋರಿಗೆ ನಂದಿ ಇದೆ, ವೀಕೆಂಡ್ ಮಾತ್ರ ಬೇಡ, ಬೆಂಗಳೂರೇ ಅಲ್ಲಿರುತ್ತೆ.

ಕೆಂಪು: 11 ದಿನ

ರುಬೆಡೊ. ಬೆಳಿಗಾರ ಹಾಕಿ ಮತ್ತೆ ಕರಗಿಸೋದು. ಚಿನ್ನ ಕರಗೋಕೆ 1064 ಡಿಗ್ರಿ ಬೇಕು, ಅರ್ಧ ಬಿಸಿಗೆ ಏನೂ ಆಗಲ್ಲ, ಹಂಗೇ ಇಲ್ಲಿ ಏನಾದ್ರೂ ಒಂದು ಕೆಲಸ ನಿಜವಾಗ್ಲೂ ಮಾಡ್ಬೇಕು, ಬರೆಯೋದ್ರಿಂದ ಮುಗಿಯಲ್ಲ. ಬಹಳ ಜನ ಬಿಳಿ ಹಂತದಲ್ಲೇ ಸೆಟ್ಲ್ ಆಗ್ಬಿಡ್ತಾರೆ, ಎಲ್ಲ ಅರ್ಥ ಆಯ್ತು ಅಂತ ಶಾಂತವಾಗಿ ಓಡಾಡ್ತಾರೆ, ಜಗಳ ಆಡಿದೋರಿಗೆ ಒಂದು ಫೋನ್ ಮಾಡಿರಲ್ಲ.

ಮೊದಲ್ನೇ ದಿನ 22 ಮೇಜರ್ ಕಾರ್ಡನ್ನೂ ನೆಲದ ಮೇಲೆ ಸಾಲಾಗಿ ಹರಡಿ, ಸೊನ್ನೆ ನಂಬರಿನ ಫೂಲ್‌ನಿಂದ ಇಪ್ಪತ್ತೊಂದರ ವರ್ಲ್ಡ್ ತನಕ. ಕಣ್ಣು ಬಿಟ್ಕೊಂಡೇ, ಈ ಕೆಲಸ ಮಾಡೋ ಹೊತ್ತಿಗೆ ನಾನು ಹೆಂಗಿರ್ಬೇಕು ಅನ್ನೋ ಒಂದನ್ನ ಆರಿಸಿ. ನಾನು ಸ್ಟ್ರೆಂತ್ ಆರಿಸಿದೆ, ಸಿಂಹದ ಬಾಯಿ ಮೇಲೆ ಮೆತ್ತಗೆ ಕೈಯಿಟ್ಟಿರೋ ಹೆಂಗಸು. ಅದನ್ನ ಫೋನ್ ಕವರ್ ಒಳಗೆ ಇಟ್ಕೊಂಡೆ, ಸ್ವಲ್ಪ ದೊಡ್ಡದಾಯ್ತು, ಅಂಚು ಕತ್ತರಿಸಿದೆ. ಆಮೇಲೆ ಮೂರು ಕೆಲಸ ಬರೀರಿ, ಸಣ್ಣದು, ಮಧ್ಯಮ, ದೊಡ್ಡದು, ಮೂರ್ನಾಲ್ಕು ದಿನಕ್ಕೊಂದು ಮಾಡಿ. ಒರೆಗೆ ಹಚ್ಚೋಕೆ ಒಂದು ಪ್ರಶ್ನೆ: ಈ ಕೆಲಸ ಮಾಡಿ ಯಾರಿಗೂ ಹೇಳ್ದೆ ಇರೋಕಾಗುತ್ತಾ? ಆಗಲ್ಲ ಅಂದ್ರೆ ಬೇರೆ ಕೆಲಸ ಹುಡುಕಿ. (ನಾನು ಈಗ ಹೇಳ್ತಿದೀನಿ, ಎರಡು ವರ್ಷ ಆದ್ಮೇಲೆ, ಮಾಫಿ ಇರ್ಲಿ.)

ನನ್ನ ಸಣ್ಣ ಕೆಲಸ ಅವನ ನಂಬರ್ ಅನ್‌ಬ್ಲಾಕ್ ಮಾಡಿದ್ದು. ಮಧ್ಯಮದ್ದು ಅವನ ಮಗಳ ಬರ್ತ್‌ಡೇಗೆ ಒಂದು ಮೆಸೇಜ್. ದೊಡ್ಡದು ಫೋನ್. "ಹೇಳಕ್ಕ" ಅಂದ, ಮೂರು ವರ್ಷ ಆಗೇ ಇಲ್ವೇನೋ ಅನ್ನೋ ಹಂಗೆ. ಮಳೆ ಬಗ್ಗೆ ಮಾತಾಡಿದ್ವಿ, ಬೋರ್‌ವೆಲ್ ಬಗ್ಗೆ ಮಾತಾಡಿದ್ವಿ. ಆಮೇಲೆ ನಾನೇ ಅಂಗಡಿ ಸಾಮಾನಿನ ವಿಷಯ ತೆಗೆದೆ, ಗೆರೆ ಎಳೆದ ಸಾಲಷ್ಟೇ ಹೇಳಿದೆ, ಸುತ್ತಿದ್ದು ಒಂದೂ ಹೇಳ್ಲಿಲ್ಲ. ಮೂರು ತಿಂಗಳ ಬಾಡಿಗೆ ಬಾಕಿ ಇತ್ತಂತೆ, ಓನರ್ ಬೀಗ ಹಾಕ್ತೀನಿ ಅಂದಿದ್ದಂತೆ, ಅಪ್ಪನ ಸಾಲ ನಿಂಗೆ ಗೊತ್ತಾಗೋದು ಬೇಡ ಅಂತ ಹೇಳ್ಲಿಲ್ಲ ಅಂದ. ಒರೆಗಲ್ಲೂ ಉಳಿದಿಲ್ಲ, ಏನೂ ಉಳಿದಿಲ್ಲ. ಫೋನ್ ಇಟ್ಟ ಮೇಲೆ ಬಚ್ಚಲಲ್ಲಿ ಕೂತು ಅತ್ತೆ.

ಕೋಪ ಪೂರ್ತಿ ಹೋಯ್ತಾ ಅಂದ್ರೆ ಇಲ್ಲ, ಈಗ್ಲೂ ಒಂದೊಂದ್ಸಲ ಕುಟುಕುತ್ತೆ. ಅಪರಂಜೀಲಿ ಬಳೆ ಮಾಡಿದ್ರೆ ಒಂದು ವಾರಕ್ಕೆ ಬಗ್ಗೋಗುತ್ತೆ, ಅದಕ್ಕೇ 22 ಕ್ಯಾರೆಟ್ ಮಾಡೋದು, ನೂರಕ್ಕೆ ಎಂಟು ಚಿಲ್ಲರೆ ಬೇರೆ ಲೋಹ ಇದ್ದೇ ಇರುತ್ತೆ.

ಮಂಡಲ ಮುಗಿದ ಮೇಲೆ

ನೋಟ್‌ಬುಕ್ ಸುಡಿ, ಹೊಳೇಲಿ ಬಿಡಿ ಅಂತಾರೆ. ನಾನಂತೂ ಇಟ್ಕೊಂಡಿದೀನಿ, ಕೆಂಪು ಗೆರೆಗಳನ್ನ ಆಮೇಲೆ ಓದಿದ್ರೆ ಇನ್ನೂ ಎರಡು ಸುತ್ತು ಬೀಳುತ್ತೆ. ಮಧ್ಯ ಒಂದೆರಡು ದಿನ ತಪ್ಪಿದ್ರೆ ಮೊದಲಿಂದ ಶುರು ಮಾಡ್ಬೇಕಾಗಿಲ್ಲ, ತಪ್ಪಿದ ದಿನ ಸೇರಿಸ್ಕೊಳ್ಳಿ ಅಷ್ಟೇ, ನಂದು 48 ಅಂತ ಶುರುವಾಗಿ 53ಕ್ಕೆ ಮುಗೀತು. ಬೇರೆಯೋರಿಗೆ ರೀಡಿಂಗ್ ಕೊಡೋಕೆ ತಕ್ಷಣ ಹೋಗ್ಬೇಡಿ, ಅಕ್ಕಪಕ್ಕದೋರು ಬಂದು ನಂಗೂ ಒಂದು ನೋಡ್ಕೊಡಿ ಅಂತಾರೆ, ಮಹಜರ್ ಬರೀರಿ ಅಂದ್ರೆ ಎದ್ದೋಗ್ತಾರೆ. ಎರಡನೇ ಅದಿರಿಗೆ ಕೈ ಹಾಕೋ ಮುಂಚೆ ಮೂರು ತಿಂಗಳಾದ್ರೂ ಬಿಡಿ. ನನ್ನ ಮುಂದಿನದು ಮಾವಿನ ಸುಗ್ಗಿ ಮುಗಿದ ಮೇಲೆ, ಶ್ರೀನಿವಾಸಪುರದಿಂದ ನೆಂಟರು ಬುಟ್ಟಿ ಹೊತ್ಕೊಂಡು ಬರೋ ಟೈಮಲ್ಲಿ ಮನೇಲಿ ಇಪ್ಪತ್ತು ನಿಮಿಷ ಒಂದು ಮೂಲೆ ಸಿಗೋದೇ ಕಷ್ಟ.